ಹೊಂಬಳರ ಹಾಡಿನ ಪೆಟ್ಟಿಗೆಗೆ ಒಂದು ಹಿಂಬರಹ

ಗದಗ–ಬೆಟಗೇರಿ, ನೇಕಾರ ಓಣಿ
ಫೆಬ್ರವರಿ ೩೦, ೨೧೭೩
ಏಳನೆಯ ಹಾಳೆ

…ಆದ್ದರಿಂದ ಆ ಮನುಷ್ಯ ಕುಡಿದು ಹಾಡುತ್ತಿದ್ದಾನೆ ಎಂದು ನಿನ್ನೆ ಬರೆದ ಸಾಲನ್ನು ದಯವಿಟ್ಟು ಹೊಡೆದು ಹಾಕಿಕೊಳ್ಳಿ, ಹೊಂಬಳ ಅವರೇ. ಅವನು ಕುಡಿದಿರಲಿಲ್ಲ. ಮೋಡ ಬಂದಿತ್ತು, ಅಷ್ಟೇ. ಇವತ್ತು ಬೆಳಿಗ್ಗೆ ನಿಚ್ಚಳ ಬಿಸಿಲಿನಲ್ಲಿ ಅದೇ ಹಾಡಿನ ತಟ್ಟೆಯನ್ನು ಮತ್ತೆ ಹಾಕಿ ನೋಡಿದೆ. ಎಂಥ ಚುರುಕು ಗಂಟಲು! ಜೋಳ ಹುರಿಯುವಾಗ ಅರಳು ಸಿಡಿಯುತ್ತದಲ್ಲ, ಹಾಗೆ ಸಿಡಿಯುತ್ತಿದ್ದವು ಮಾತುಗಳು. ನಮ್ಮ ಮನೆಗಳ ಕಿಟಕಿಗೆ ಬಿಸಿಲಗಾಜು ಹಾಕಿರುತ್ತಾರೆ. ಬಿಸಿಲು ಬಿದ್ದಷ್ಟು ಹೊತ್ತು ಆ ಗಾಜೇ ಕರೆಂಟು ಕೊಡುತ್ತದೆ, ಬಿಸಿಲು ಸರಿದರೆ ಇಲ್ಲ. ಗಾಳಿಕಂಬದ ಕರೆಂಟು ಮಗ್ಗಕ್ಕೆ ಮತ್ತು ನೀರೆತ್ತುವುದಕ್ಕೆ ಮಾತ್ರ ಎಂದು ಊರಿನ ಕಟ್ಟಳೆ. ಹೀಗಾಗಿ ತಟ್ಟೆ ತಿರುಗಿಸುವ ನಿಮ್ಮ ಯಂತ್ರ ನಮ್ಮಲ್ಲಿ ಸೂರ್ಯನ ಆಳು. ಒಂದು ತುಣುಕು ಮೋಡ ಅಡ್ಡ ಬಂದರೂ ತಟ್ಟೆ ನಿಧಾನವಾಗಿ, ಹಾಡುವವನ ದನಿ ದಪ್ಪಗಾಗುತ್ತ ದಪ್ಪಗಾಗುತ್ತ ಎತ್ತಿನ ದನಿಯಾಗುತ್ತದೆ. ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಹೋದ ಮಳೆಗಾಲದಲ್ಲಿ ಇದೇ ತಪ್ಪು ಮಾಡಿ, ನಿಮ್ಮ ಕಾಲದ ಗಂಡಸರೆಲ್ಲ ಹೀಗೇ ಗೂಳಿಯಂತೆ ಹಾಡುತ್ತಿದ್ದರೆಂದು ಒಂದು ತಿಂಗಳು ನಂಬಿದ್ದೆ.

ದಿನಾಂಕ ನೋಡಿ ನಗಬೇಡಿ. ನಿಮ್ಮ ಕಾಲದಲ್ಲಿ ಫೆಬ್ರವರಿಗೆ ಮೂವತ್ತನೆಯ ತಾರೀಕು ಇರಲಿಲ್ಲವೆಂದು ಓದಿದ್ದೇನೆ. ನಾವು ಎಲ್ಲ ತಿಂಗಳಿಗೂ ಸಮನಾಗಿ ಮೂವತ್ತು ದಿನ ಹಂಚಿಬಿಟ್ಟೆವು. ಮಿಕ್ಕ ಐದು ದಿನ ವರ್ಷದ ಕೊನೆಗೆ ಯಾವ ತಿಂಗಳಿಗೂ ಸೇರದೆ ಬರುತ್ತವೆ. ಅವಕ್ಕೆ ಬಿಡುದಿನ ಎನ್ನುತ್ತೇವೆ. ಆಗ ಯಾರೂ ಕೆಲಸ ಮಾಡುವುದಿಲ್ಲ, ಸಾವಕಾಶವಾಗಿ ಜಗಳವಾಡಬಹುದು. ನನ್ನ ಇನ್ನಿತರ ಮಾತುಗಳೂ ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಬೇಕು. ಹಿಂಬರಹ ಎಂಬುದನ್ನೇ ತೆಗೆದುಕೊಳ್ಳಿ. ನಿಮ್ಮಲ್ಲಿ ಅರ್ಜಿ ಕೊಟ್ಟವನಿಗೆ ಕಚೇರಿಯವರು ‘ಆಗುವುದಿಲ್ಲ’ ಎಂದು ಬರೆದು ಕೊಡುತ್ತಿದ್ದ ಕಾಗದಕ್ಕೆ ಆ ಹೆಸರಿತ್ತಂತೆ. ನಮ್ಮಲ್ಲಿ ಅದು ಹಿಂದಿನವರಿಗೆ ಬರೆಯುವ ಪತ್ರ. ಊರಿನ ಹಳೆಯ ವಸ್ತುಗಳೆಲ್ಲ ಪಾಲುಮನೆಯಲ್ಲಿರುತ್ತವೆ. ಚೀಟಿ ಎತ್ತಿ ಒಬ್ಬೊಬ್ಬರಿಗೆ ಒಂದೊಂದನ್ನು ಅವರು ಬದುಕಿರುವಷ್ಟು ಕಾಲಕ್ಕೆ ಕೊಡುತ್ತಾರೆ. ಅವರು ಹೋಗಿ ಒಂದು ವರ್ಷಕ್ಕೆ ಅದು ಮರಳಬೇಕು, ಮರಳುವಾಗ ಮೊದಲ ಒಡೆಯನಿಗೆ ಮನೆಯವರು ಒಂದು ಹಿಂಬರಹ ಬರೆದಿರಬೇಕು: ನಿಮ್ಮ ವಸ್ತುವನ್ನು ಹೀಗೆ ಬಳಸಿದೆವು, ಇಷ್ಟು ಸವೆಸಿದೆವು, ಇಂಥ ಸಂಶಯ ಉಳಿದಿದೆ ಎಂದು. ಈ ಪತ್ರ ಯಾವ ಊರಿಗೂ ಹೋಗುವುದಿಲ್ಲ ಎಂದು ನಗುವವರಿದ್ದಾರೆ. ಅವರೂ ಬರೆಯುತ್ತಾರೆ.

ಹಿಂದಿನ ಆರು ಹಾಳೆಗಳು ನಿಮ್ಮನ್ನು ಮುಟ್ಟದೆ ಇದ್ದರೆ ಎಂಬ ಭಯಕ್ಕೆ ಮತ್ತೊಮ್ಮೆ ಹೇಳುತ್ತೇನೆ. ನಾನು ತಿರಕಪ್ಪ ಮುಳಗುಂದ. ಮೂವತ್ತೊಂದು ವರ್ಷ ಕಪ್ಪತಗುಡ್ಡದ ಮೇಲೆ ಗಾಳಿಕಂಬ ಹತ್ತಿ ಇಳಿದವನು. ನಿಮ್ಮ ಪೆಟ್ಟಿಗೆ ಬಂದದ್ದು ನನ್ನ ಪಾಲಿಗಲ್ಲ, ನನ್ನ ಹೆಂಡತಿ ಇಂದುಮತಿಯ ಪಾಲಿಗೆ. ಅವಳು ಹೋಗಿ ನಾಳೆಗೆ ಒಂದು ವರ್ಷ. ನಾಳೆ ಬೆಳಿಗ್ಗೆ ಪಾಲುಮನೆಯ ಗಾಡಿ ಬಾಗಿಲಿಗೆ ಬರುತ್ತದೆ; ಯಂತ್ರ ಮತ್ತು ತಟ್ಟೆಗಳು ಹೋಗುತ್ತವೆ. ಹೋದವರ ಪಾಲಿನಿಂದ ಒಂದೇ ಒಂದನ್ನು ಮನೆಯವರು ತಮ್ಮಲ್ಲಿ ಉಳಿಸಿಕೊಳ್ಳಬಹುದು, ಅದಕ್ಕೆ ಒಂದುಳಿಕೆ ಎಂದು ಹೆಸರು. ನೂರಾ ನಲವತ್ಮೂರು ತಟ್ಟೆಗಳಲ್ಲಿ ಯಾವುದು? ಇಂದುಮತಿಯ ಜೀವಕ್ಕೆ ಹತ್ತಿರವಾಗಿದ್ದುದನ್ನು ಉಳಿಸಿಕೊಳ್ಳಬೇಕೆಂದು ಹಟ ನನಗೆ. ಅದು ಯಾವುದೆಂದು ತಿಳಿಯಲಿಕ್ಕೆ ದಿನಕ್ಕೆ ತಟ್ಟೆಯ ಒಂದು ಮಗ್ಗುಲಿನಂತೆ ಒಂದು ವರ್ಷದಿಂದ ಕೇಳುತ್ತ ಬಂದಿದ್ದೇನೆ. ಮೋಡದ ದಿನ ರಜೆ.

ಚೀಟಿ ಎತ್ತಿದ್ದು ಇಪ್ಪತ್ತು ವರ್ಷದ ಹಿಂದೆ. ಆ ಸಲ ಪಾಲುಮನೆಯಲ್ಲಿ ಒಂದು ಹಿಟ್ಟಿನ ಗಿರಣಿಯೂ ಇತ್ತು, ಕೈಗಿರಣಿ, ಕಲ್ಲು ಹೊಸದು. ನಾನು ಅದರ ಮೇಲೆ ಕಣ್ಣಿಟ್ಟು ಕೂತಿದ್ದೆ. ಇಂದುಮತಿ ಚೀಟಿ ಬಿಚ್ಚಿ ನಕ್ಕಳು.

“ಏನ್ ಬಂತ?” ಎಂದೆ.

“ಹಾಡಿನ ಪೆಟಗಿ.”

“ಗಿರಣಿ ಬರತೈತಂತ ಕೂತ್ರ ತಗಡು ಬಂತಲ್ಲ ಮಾರಾಯ್ತಿ!”

“ಗಿರಣಿನೂ ಗರಗರ ತಿರಗತೈತಿ, ಇದೂ ಗರಗರ ತಿರಗತೈತಿ. ನಿಮಗೇನ್ ತ್ರಾಸು? ಹಿಟ್ಟ ನಾ ಬೀಸತೇನಿ.”

ಗಾಡಿಯಲ್ಲಿ ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡೇ ಮನೆಗೆ ಬಂದಳು, ಬಾಣಂತಿ ಕೂಸಿನ ಮೇಲೆ ಇಡುವ ಹಾಗೆ.

ಹೊಂಬಳ ಅವರೇ, ನಿಮ್ಮ ಬಗ್ಗೆ ನನಗೆ ಗೊತ್ತಿರುವುದೆಲ್ಲ ಆ ತಟ್ಟೆಗಳ ಕಾಗದದ ಚೀಲದ ಹಿಂಬದಿಯಲ್ಲಿ ನೀವೇ ಬರೆದದ್ದು. ಒಂದರಿಂದ ನೂರಾ ನಲವತ್ಮೂರರವರೆಗೆ ಸಂಖ್ಯೆ. ಕೆಳಗೆ ಚಿದಂಬರ ಹೊಂಬಳ ಎಂದು ಸಹಿ, ತಾರೀಕು, ಎರಡು ಮಾತು. ಎಲ್ಲವೂ ಹಸಿರು ಶಾಯಿ. ನಿಮ್ಮ ಕಾಲದಲ್ಲಿ ಹಸಿರು ಶಾಯಿ ದೊಡ್ಡ ಅಧಿಕಾರಿಗಳ ಹಕ್ಕು ಎಂದು ಕೇಳಿದ್ದೇನೆ. ನಿಮ್ಮನ್ನು ದೊಡ್ಡ ಅಧಿಕಾರಿ ಎಂದೇ ತಿಳಿದು ಬರೆಯುತ್ತಿದ್ದೇನೆ, ಅಲ್ಲದಿದ್ದರೆ ಇನ್ನೂ ಸಂತೋಷ. ಆದರೆ ನೀವು ಭಾರಿ ಜಿಪುಣರು, ಶಾಯಿಯ ವಿಷಯದಲ್ಲಿ. ‘ಕೇಳಿದೆ. ಚಲೋ.’ ಇದು ಹನ್ನೆರಡನೆಯದರ ಮೇಲೆ. ‘ಕೇಳಿದೆ. ಎರಡು ಸಲ.’ ಇದು ನಲವತ್ತರ ಮೇಲೆ. ಆ ನಲವತ್ತನೆಯದರ ಚೀಲದ ಚಿತ್ರದಲ್ಲಿ ನಾಲ್ವರು ಉದ್ದಗೂದಲಿನವರು ನೀರಿಲ್ಲದ ಈಜುಕೊಳದ ತಳದಲ್ಲಿ ಕೊಡೆ ಹಿಡಿದು ನಿಂತಿದ್ದಾರೆ. ಯಾಕೆ ನಿಂತಿದ್ದಾರೆ ಎಂದು ನಿಮಗೆ ಒಂದು ಸಲವೂ ಅನ್ನಿಸಲಿಲ್ಲವೇ? ನನಗೆ ಮೂರು ದಿನ ಅದೇ ಯೋಚನೆ.

ಇಂಗ್ಲಿಷ್ ನನಗೆ ಕಾಲೇಜಿನಲ್ಲಿ ಎರಡು ವರ್ಷ ಇತ್ತು. ಸಂಸ್ಕೃತದ ಪಕ್ಕದ ಕೋಣೆ, ಎರಡಕ್ಕೂ ಒಬ್ಬರೇ ಮೇಷ್ಟ್ರು, ಒಂದೇ ಬೆತ್ತ. ಯಾರೂ ಮಾತಾಡದ ಭಾಷೆಗೆ ವ್ಯಾಕರಣವೇ ಮೈ ಎನ್ನುತ್ತಿದ್ದರು. ‘ಐ ಶಲ್ ಹ್ಯಾವ್ ಗಾನ್, ವಿ ಶಲ್ ಹ್ಯಾವ್ ಗಾನ್’ ಎಂದು ರೂಪಾವಳಿ ಒಪ್ಪಿಸಿದವರಿಗೆ ಮನೆಗೆ ಬಿಡುಗಡೆ. ಅರ್ಧ ಮರೆತಿದೆ. ಉಳಿದ ಅರ್ಧದಿಂದ ನಿಮ್ಮ ತಟ್ಟೆಗಳನ್ನು ಕೇಳಿದರೆ ಮೈ ಬೆವರುತ್ತದೆ. ಒಂದೇ ಸಾಲಿನಲ್ಲಿ ಎರಡು ನಿಷೇಧ, ಕರ್ತೃ ಏಕವಚನ, ಕ್ರಿಯಾಪದ ಊರಿಗೆ ಹೋಗಿದೆ. ನಮ್ಮ ಮೇಷ್ಟ್ರು ಬದುಕಿದ್ದರೆ ಈ ಗಾಯಕರನ್ನೆಲ್ಲ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಇನ್ನೊಂದು. ಬೇಬಿ ಎಂದರೆ ಕೂಸು ಎಂಬುದು ನನಗೆ ಸ್ಪಷ್ಟವಾಗಿ ನೆನಪಿದೆ. ಇಷ್ಟು ಜನ ಗಡ್ಡದ ಗಂಡಸರು ಕೂಸಿಗಾಗಿ ಹೀಗೆ ಕಿರುಚಿದರೆ ಕೂಸು ಮಲಗುವುದು ಹೇಗೆ ಎಂದು ಚಿಂತಿಸಿದೆ. ಕೂಸೇ ಬಿಟ್ಟುಹೋಗಬೇಡ, ಕೂಸೇ ಬಾಗಿಲು ತೆರೆ! ಮೂವತ್ತನೆಯ ತಟ್ಟೆಯ ಹೊತ್ತಿಗೆ ಸಂಗತಿ ತಿಳಿಯಿತು. ಆದರೂ ಇಂದುಮತಿಯನ್ನು ನಾನು ಒಂದು ದಿನ ಕೂಸೇ ಎಂದು ಕರೆದಿದ್ದರೆ ಲಟ್ಟಣಿಗೆ ಎತ್ತುತ್ತಿದ್ದಳು.

ನಿಮ್ಮವರು ಹಾಡಿನಲ್ಲಿ ಎಷ್ಟೊಂದು ಊರು ಬಿಡುತ್ತಾರೆ! ಗಿಟಾರ್ ಎತ್ತಿಕೊಂಡರೆ ಸಾಕು, ರಸ್ತೆ. ಕಾರು, ಪೆಟ್ರೋಲು, ರಾತ್ರಿಯಿಡೀ ಓಡಿಸುವುದು, ಬೆಳಗಾದರೆ ಇನ್ನೊಂದು ಊರು, ಅಲ್ಲಿಯೂ ದುಃಖ. ನಮ್ಮಲ್ಲಿ ಗದಗಿನಿಂದ ಕೊಪ್ಪಳಕ್ಕೆ ಹೋಗುವವನು ನಾಲ್ಕು ದಿನ ಮೊದಲೇ ಓಣಿಗೆಲ್ಲ ಹೇಳಿರುತ್ತಾನೆ, ಜನ ರೊಟ್ಟಿ ಕಟ್ಟಿಕೊಡುತ್ತಾರೆ. ಹೇಳದೆ ಕೇಳದೆ ಹೊರಟುಹೋಗುವುದು ಒಂದು ಸುಖ ಎಂಬುದೇ ನನಗೆ ತಿಳಿದಿರಲಿಲ್ಲ. ಇಪ್ಪತ್ತೆರಡನೆಯ ತಟ್ಟೆಯ ಎರಡನೆಯ ಮಗ್ಗುಲು ಕೇಳಿದ ದಿನ, ನಿಜ ಹೇಳುತ್ತೇನೆ, ಎದ್ದು ಚಪ್ಪಲಿ ಮೆಟ್ಟಿದೆ. ಲಕ್ಕುಂಡಿಯ ತಿರುವಿನವರೆಗೆ ನಡೆದೆ. ಮೊಣಕಾಲು ನೋಯಿತು, ಬಂದೆ.

ಹಾಡನ್ನು ಕೂಡಿಡುವುದು ನಮಗೆ ಹೊಸದು. ನಮ್ಮಲ್ಲಿ ಹಾಡು ಎಂದರೆ ಎದುರಿಗೆ ಕೂತವರು ಹಾಡುವುದು. ಮುಗಿಯಿತು, ಎದ್ದರು, ಹೋಯಿತು. ನಿಮ್ಮ ಕಾಲದ ಕೊನೆಕೊನೆಗೆ ಎಲ್ಲರೂ ತಮ್ಮ ಹಾಡುಗಳನ್ನು ಮೋಡದಲ್ಲಿ ಇಟ್ಟಿದ್ದರಂತೆ. ನಮ್ಮ ಇತಿಹಾಸದ ಪುಸ್ತಕದಲ್ಲಿ ಹಾಗೆಯೇ ಇದೆ. ಕಪ್ಪತಗುಡ್ಡದ ಮೇಲೆ ಮೂವತ್ತೊಂದು ವರ್ಷ ಮೋಡದ ಒಳಗೇ ಕೆಲಸ ಮಾಡಿದವನು ನಾನು. ಅಲ್ಲಿ ಬಿಚ್ಚಿಟ್ಟ ಅಂಗಿ ಕೂಡ ಒಣಗಿ ಸಿಕ್ಕಿದ್ದಿಲ್ಲ. ಉಳಿದದ್ದು ಗೆರೆ ಕೊರೆದು ಇಟ್ಟದ್ದು ಮಾತ್ರ, ನಿಮ್ಮಂಥವರು ಪೆಟ್ಟಿಗೆಯಲ್ಲಿ ಇಟ್ಟದ್ದು ಮಾತ್ರ. ಹಾಗೆ ಉಳಿದದ್ದರಲ್ಲಿ ನನ್ನನ್ನು ಬೆಚ್ಚಿಬೀಳಿಸಿದ್ದು ಎಂಬತ್ತೊಂದನೆಯದು. ಅದು ಗೀಗೀ ಪದದ ತಟ್ಟೆ, ನಮ್ಮ ಕಡೆಯದೇ. ನೀವು ಅದನ್ನು ಗಿಟಾರಿನವರ ನಡುವೆ ಯಾಕೆ ಇಟ್ಟಿರೋ. ಡಪ್ಪು ಬಡಿಯುವ ಮುದುಕನೊಬ್ಬ ಹೆಣ್ಣು ಹೆಚ್ಚೋ ಗಂಡು ಹೆಚ್ಚೋ ಎಂದು ವಾದ ಹೂಡುತ್ತಾನೆ, ಹಿಂದಿನವರು ಗೀಯ ಗಾ ಎಂದು ಎತ್ತಿಕೊಡುತ್ತಾರೆ. ಆ ಮಾತಿನ ಧಾಟಿ ನಮ್ಮ ಓಣಿಯ ಧಾಟಿಯೇ. ಹಾಡು ಏರುವ ಹೊತ್ತಿಗೆ ಕೇಳುವವರಲ್ಲಿ ಯಾರೋ ಒಬ್ಬರು ಕೆಮ್ಮುತ್ತಾರೆ. ಎರಡು ಸಲ ಕೆಮ್ಮಿ, ತಡೆದುಕೊಂಡು, ಮೂರನೆಯದನ್ನು ನುಂಗುತ್ತಾರೆ. ಆ ಕೆಮ್ಮು ಕೇಳಲಿಕ್ಕೆಂದೇ ಐದು ಸಲ ಯಂತ್ರದ ಮುಳ್ಳು ಹಿಂದಕ್ಕಿಟ್ಟೆ. ಹಾಡಿದವರ ಹೆಸರು ಚೀಲದ ಮೇಲಿದೆ. ಕೆಮ್ಮಿದವರು ಯಾರು? ಮನೆಗೆ ಹೋಗಿ ಕಷಾಯ ಕುಡಿದರೋ ಇಲ್ಲವೋ?

ಮಾತು ಎಲ್ಲಿಗೋ ಹೋಯಿತು. ಒಂದುಳಿಕೆಯ ವಿಷಯ ಹೇಳುತ್ತಿದ್ದೆ.

ಇಂದುಮತಿಗೆ ಯಾವುದು ಹೆಚ್ಚು ಇಷ್ಟ ಎಂದು ಬದುಕಿದ್ದಾಗ ಕೇಳಬಹುದಿತ್ತಲ್ಲ ಎನ್ನುತ್ತೀರಿ. ನಾನು ಕೆಲಸದಲ್ಲಿದ್ದಾಗ ಬೆಳಕಿರುವ ಹೊತ್ತೆಲ್ಲ ಗುಡ್ಡದ ಮೇಲೆ. ಮನೆಗೆ ಬರುವಾಗ ಯಂತ್ರ ನಿಂತಿರುತ್ತಿತ್ತು. ಕೆಲಸ ಬಿಟ್ಟ ಮೇಲೆ ಆರು ವರ್ಷ ಮನೆಯಲ್ಲೇ ಇದ್ದೆ. ಅವಳು ಒಳಗೆ ತಟ್ಟೆ ಹಾಕಿದರೆ ನಾನು ಹೊರಗೆ ಕಟ್ಟೆಗೆ ಹೋಗಿ ಕೂರುತ್ತಿದ್ದೆ. “ಬರ್ರಿ, ಒಂದ ಬಾಜೂ ಕೇಳ್ರಿ,” ಎಂದು ಕಿಟಕಿಯಿಂದ ಕೂಗುತ್ತಿದ್ದಳು. ಬಾಜೂ ಎಂದರೆ ನಮ್ಮ ಕಡೆ ಮಗ್ಗುಲು. “ತಗಡ ಬಡದಂಗ ಆಗತೈತಿ, ನೀನ ಕೇಳು,” ಎನ್ನುತ್ತಿದ್ದೆ. ಕಟ್ಟೆಯ ಮೇಲಿನವರು ನಗುತ್ತಿದ್ದರು. ಅವರು ನಕ್ಕರೆಂದು ನಾನು ಅದನ್ನೇ ಮರುದಿನವೂ ಹೇಳುತ್ತಿದ್ದೆ.

ಅವಳು ಹೋದ ಮೇಲೆ ಪೆಟ್ಟಿಗೆ ತೆರೆದಾಗ ನೂಲು ಕಂಡಿತು. ಅವಳು ನೇಕಾರರ ಮನೆಯ ಮಗಳು, ಕೈ ಸುಮ್ಮನಿರುವುದಿಲ್ಲ. ಎಷ್ಟೋ ತಟ್ಟೆಗಳ ಚೀಲದ ಮೂಲೆಯಲ್ಲಿ ಸಣ್ಣ ತೂತು ಮಾಡಿ ಒಂದು ಗೇಣಿನಷ್ಟು ನೂಲು ಪೋಣಿಸಿದ್ದಳು, ನೂಲಿನಲ್ಲಿ ಗಂಟುಗಳು. ಕೆಲವಕ್ಕೆ ಒಂದು, ಕೆಲವಕ್ಕೆ ಎರಡು, ಬಹಳಕ್ಕೆ ನೂಲೇ ಇಲ್ಲ. ನನಗೆ ಜೀವ ಬಂದಂತಾಯಿತು. ಮೆಚ್ಚಿದ ಸಲಕ್ಕೊಂದು ಗಂಟು ಹಾಕಿದ್ದಾಳೆ, ಎಣಿಸಿದರೆ ಮುಗಿಯಿತು! ಎಣಿಸಿದೆ. ಐವತ್ತೇಳನೆಯದಕ್ಕೆ ಒಂಬತ್ತು ಗಂಟು. ಬೇರೆ ಯಾವುದಕ್ಕೂ ನಾಲ್ಕರ ಮೇಲಿಲ್ಲ.

ಐವತ್ತೇಳು ನಿಮಗೆ ನೆನಪಿರಬೇಕು. ಉಣ್ಣೆಯಂಗಿ ತೊಟ್ಟ ದಪ್ಪ ಹೆಂಗಸೊಬ್ಬಳು ಸಮುದ್ರಕ್ಕೆ ಬೆನ್ನು ಮಾಡಿ ನಿಂತ ಚಿತ್ರ. ವಾದ್ಯವಿಲ್ಲ, ಬರಿ ಗಂಟಲು. ಯಾವುದೋ ತಣ್ಣನೆಯ ದ್ವೀಪದ ಹಾಡುಗಳು, ಭಾಷೆ ಇಂಗ್ಲಿಷೂ ಅಲ್ಲ. ನಡುನಡುವೆ ಒಂಬತ್ತು ಕಡೆ ಆಕೆ ಒಂದೇ ತುಣುಕನ್ನು ಹಿಡಿದುಕೊಂಡು ಮತ್ತೆ ಮತ್ತೆ ಹಾಡುತ್ತಾಳೆ, ನಾನಾಗಿ ಮುಳ್ಳು ಸರಿಸುವವರೆಗೂ ಬಿಡುವುದಿಲ್ಲ. ಭಜನೆಯವರು ಒಂದು ಸಾಲನ್ನು ಹಿಡಿದು ಜಗ್ಗುತ್ತಾರಲ್ಲ, ಹಾಗೆ ಎಂದುಕೊಂಡೆ. ಕಣ್ಣು ಮುಚ್ಚಿ ತಲೆ ಆಡಿಸಿದೆ. ಒಂಬತ್ತೂ ಕಡೆ ಆಡಿಸಿದೆ. ಇಂದುಮತಿ ಇಲ್ಲೇ ಕರಗುತ್ತಿದ್ದಳು, ಇದೇ ತುಣುಕಿಗೆ, ಎಂದು ಗೋಡೆಗೆ ಒರಗಿ ಕೂತು ನಾಲ್ಕು ದಿನ ಅದೊಂದನ್ನೇ ಕೇಳಿದ್ದೇನೆ.

ಹೋದ ವಾರ ಪಾಲುಮನೆಯ ಹೊನ್ನವ್ವಳ ಹತ್ತಿರ ಒಂದುಳಿಕೆ ಐವತ್ತೇಳು ಎಂದು ಬರೆಸಿ ಬಂದಿದ್ದೆ. ಈ ಹೊನ್ನವ್ವ ನಮ್ಮ ಓಣಿಯವಳೇ, ಮಗ್ಗದ ಕೆಲಸ ಮಾಡುತ್ತಲೇ ಪಾಲುಮನೆಯನ್ನೂ ನೋಡಿಕೊಳ್ಳುವವಳು. ನನ್ನನ್ನು ಕಾಕಾ ಎನ್ನುತ್ತಾಳೆ, ಇಂದುಮತಿಯನ್ನು ಕಾಕು ಎನ್ನುತ್ತಿದ್ದಳು. ಇವತ್ತು ಮಧ್ಯಾಹ್ನ, ನಾಳೆ ಒಯ್ಯುವುದನ್ನೆಲ್ಲ ಸರಿಯಾಗಿ ಕಟ್ಟಿದೆಯೋ ಇಲ್ಲವೋ ನೋಡಲಿಕ್ಕೆ ಬಂದಳು. ಬಾಗಿಲಲ್ಲೇ ಶುರು.

“ಕಾಕಾ, ನೀವು ಇಟಗೊಂಡಿದ್ದು ಮೂಕ ಆಗತೈತಿ, ಗೊತ್ತೈತಿಲ್ಲೋ? ಊರಿಗೆ ಇರೋದು ಇದೊಂದ ಯಂತ್ರ. ಅದು ನನ್ನ ಕೂಡ ಬರತೈತಿ. ಅಲ್ಲಿ ಕೇಳೂ ಕ್ವಾಣ್ಯಾಗ ಎಲ್ಲಾರೂ ಕೇಳತಾರ, ಮನ್ಯಾಗಿಂದು ಮೂಕ.”

“ಮೂಕ ಆದ್ರ ಆಗಲಿ. ಆಕಿಗೆ ಸೇರಿದ್ದು ಮನ್ಯಾಗ ಇರಲಿ.”

“ಐವತ್ತೇಳ ಸೇರತಿತ್ತಂತ ಖಾತ್ರಿ ಏನು?”

“ಖಾತ್ರಿ ಅಂದ್ರ? ಒಂಬತ್ತ ಗಂಟ ಹಾಕ್ಯಾಳ ನೋಡು!”

ನೂಲನ್ನು ಕೈಯಲ್ಲಿ ಹಿಡಿದು ನೋಡಿದಳು. ಮೊದಲು ನಕ್ಕಳು, ಆಮೇಲೆ ನಗು ನಿಲ್ಲಿಸಿ ನನ್ನ ಮುಖ ನೋಡಿದಳು.

“ಶಿವನ! ಕಾಕಾ, ನಲವತ್ತ ವರ್ಷ ನೇಕಾರ ಓಣ್ಯಾಗ ಬಾಳೇ ಮಾಡೀರಿ. ಎಳಿಗೆ ಗಂಟ ಯಾವಾಗ ಹಾಕತಾರ?”

“ಯಾವಾಗ?”

“ಹರದಾಗ!”

ತಟ್ಟೆಯನ್ನು ಚೀಲದಿಂದ ತೆಗೆದು ಮಡಿಲಲ್ಲಿಟ್ಟುಕೊಂಡಳು. ನೂಲಿನ ತುದಿಯನ್ನು ತಟ್ಟೆಯ ಅಂಚಿಗೆ ಹಚ್ಚಿ ನಡುವಿನ ತೂತಿನವರೆಗೆ ಬಿಗಿಯಾಗಿ ಎಳೆದು ಹಿಡಿದಳು. ಮೆಲ್ಲಗೆ ತಟ್ಟೆ ತಿರುಗಿಸಿದಳು. ಒಂದೊಂದು ಗಂಟಿನ ಕೆಳಗೆ ಒಂದೊಂದು ಗೀರು ಬಂದು ನಿಲ್ಲುತ್ತಿತ್ತು, ಹೆಸರು ಕೂಗಿದಾಗ ಹಾಜರಿ ಹೇಳುವ ಹುಡುಗರ ಹಾಗೆ. ಒಂಬತ್ತು ಗಂಟು, ಒಂಬತ್ತು ಗೀರು.

“ಇಲ್ಲೆ ಕೈ ಕೊಡಬೇಕ್ರಿ. ಮುಳ್ಳ ಇಲ್ಲಿ ಸಿಕ್ಕೊಂಡು ಅಲ್ಲೇ ಸುತ್ತತೈತಿ, ಮೆಲ್ಲಕ ದಾಟಸಬೇಕು. ಅದಕ್ಕ ಹಾಕ್ಯಾಳ ಕಾಕು.”

“ಆಕಿಗೆ ಎಲ್ಲಾ ಬಾಯಿಪಾಠ ಇತ್ತಲ್ಲ, ಗಂಟ ಯಾಕ ಬೇಕು?”

“ನೇಯಾಕಿ ತನಗಂತ ಗಂಟ ಹಾಕಂಗಿಲ್ಲ ಕಾಕಾ. ತಾ ಎದ್ದ ಮ್ಯಾಲ ಮಗ್ಗಕ್ಕ ಯಾರ ಕೂಡತಾರಲ್ಲ, ಅವ್ರಿಗೆ.”

ನೂಲಿನ ಗಂಟುಗಳನ್ನು ಬೆರಳಿನಿಂದ ಮತ್ತೊಮ್ಮೆ ಎಣಿಸಿದೆ. ಆಮೇಲೆ, “ಹಂಗಾದ್ರ ಆಕಿಗೆ ಸೇರಿದ್ದು ಯಾವುದು?” ಎಂದೆ.

“ನನಗ ಹ್ಯಾಂಗ ಗೊತ್ತಾಗಬೇಕ್ರಿ? ಆಕಿ ಕೂಡ ಕೂತು ಕೇಳಿದವ್ರು ನೀವು.”

ಕೂತು ಕೇಳಿದವನಲ್ಲ ಎಂದು ಅವಳಿಗೆ ಹೇಳಲಿಲ್ಲ. ನಿಮಗೆ ಹೇಳುತ್ತಿದ್ದೇನೆ. ಪುಸ್ತಕದಲ್ಲಿ ಐವತ್ತೇಳನ್ನು ಹೊಡೆದು, ಬೇರೆ ಸಂಖ್ಯೆಯನ್ನು ನಾಳೆ ಬೆಳಿಗ್ಗೆ ಗಾಡಿಯ ಹತ್ತಿರವೇ ಹೇಳಿ ಎಂದು ಹೊನ್ನವ್ವ ಹೋದಳು. ಹೋಗುವಾಗ ನನ್ನ ಊಟವಾಯಿತೇ ಎಂದು ಕೇಳಿದಳು. ಆಯಿತೆಂದೆ. ಸುಳ್ಳು.

ಆಮೇಲೆ ಎಲ್ಲ ತಟ್ಟೆಗಳನ್ನೂ ಮತ್ತೊಮ್ಮೆ ಹೊರಗೆ ಹಾಕಿ ಕೂತೆ. ಹೆಚ್ಚು ಕೇಳಿದ್ದು ಹೆಚ್ಚು ಸವೆದಿರಬೇಕು ಎಂಬ ತರ್ಕ ಹೊಳೆಯಿತು. ಬೆಳಕಿಗೆ ಹಿಡಿದು ನೋಡಿದರೆ ಎಲ್ಲವೂ ಸಮನಾಗಿ ಸವೆದಿವೆ. ನಿಮ್ಮದೆಷ್ಟು, ಇಂದುಮತಿಯದೆಷ್ಟು, ನಡುವಿನ ಯಾರ್ಯಾರದೋ ಎಷ್ಟು, ಈ ವರ್ಷ ನನ್ನದೆಷ್ಟು. ವಾಸನೆ ಕೂಡ ನೋಡಿದೆ. ಕಾಗದದ ವಾಸನೆ. ಇಪ್ಪತ್ತು ವರ್ಷ ಪಕ್ಕದ ಕೋಣೆಯಲ್ಲಿ ಒಬ್ಬ ಹೆಂಗಸು ಇಷ್ಟಪಟ್ಟು ಕೇಳಿದ್ದರಲ್ಲಿ ಯಾವುದು ಹೆಚ್ಚು ಇಷ್ಟ ಎಂಬುದಕ್ಕೆ ಈ ಮನೆಯಲ್ಲಿ ಒಂದೂ ಗುರುತಿಲ್ಲ. ಗುರುತು ಇರಬೇಕಾಗಿದ್ದು ನನ್ನ ತಲೆಯಲ್ಲಿ.

ಹಾಗೆ ಕೈಯಾಡಿಸುತ್ತ ಪೆಟ್ಟಿಗೆಯ ತಳಕ್ಕೆ ಬಂದೆ. ನೂರಾ ನಲವತ್ಮೂರು. ಸರತಿಯ ಪ್ರಕಾರ ಅದು ಇವತ್ತಿನ ಪಾಳಿ. ಉಳಿದವುಗಳಂತಲ್ಲ ಅದು: ಮೇಲೆ ಗಾಜಿನಂಥ ತೆಳು ಹೊದಿಕೆ, ಅಂಗಡಿಯವರು ಹಾಕಿದ್ದು ಹಾಗೆಯೇ ಇದೆ. ನೀವು ಬಿಚ್ಚಿಲ್ಲ. ಇಂದುಮತಿಯೂ ಬಿಚ್ಚಿಲ್ಲ. ಚಿತ್ರದಲ್ಲಿ ಒಂದು ಕಬ್ಬಿಣದ ಸೇತುವೆಯ ಮೇಲೆ ಇಬ್ಬರು ಹೆಂಗಸರು, ಇಬ್ಬರು ಗಂಡಸರು. ಒಬ್ಬಳ ಕೈಯಲ್ಲಿ ಪಿಟೀಲು, ಒಬ್ಬನ ಕೊರಳಲ್ಲಿ ಡೋಲು. ಹೊದಿಕೆಯ ಮೇಲೆ ಒಂದು ಚೀಟಿ ಅಂಟಿಸಿದ್ದೀರಿ.

ಆ ಚೀಟಿಯ ವಿಷಯ ನನಗೆ ಒಂದು ನೆನಪಿದೆ, ನೆನಪಾಗದಿದ್ದರೆ ಚೆನ್ನಾಗಿತ್ತು. ನಾನು ಕೆಲಸ ಬಿಟ್ಟ ವರ್ಷ. ಇಂದುಮತಿ ಇದನ್ನು ಹಿಡಿದುಕೊಂಡು ಹೊರಗೆ ಕಟ್ಟೆಯವರೆಗೆ ಬಂದಿದ್ದಳು. “ಇದನ್ನ ನಾ ಒಬ್ಬಾಕಿನ ಬಿಚ್ಚಂಗಿಲ್ಲ,” ಎಂದಳು. “ಯಾಕ, ಒಳಗ ಹಾವ ಐತೇನು?” ಎಂದೆ. ಕಟ್ಟೆಯವರು ನಕ್ಕರು. “ಚೀಟಿ ಓದ್ರಿ,” ಎಂದಳು. ಆಮೇಲೆ ಓದುತ್ತೇನೆ, ಅಲ್ಲಿಡು ಎಂದೆ. ಇಟ್ಟಳು.

ಇವತ್ತು ಓದಿದೆ. ‘ಮನೋರಮಾ ಜೊತೆ ಕೂತು ಕೇಳಬೇಕು. ಪುರಸೊತ್ತಾದಾಗ. ೧೧–೮–೨೦೨೪.’ ನಿಮ್ಮ ನೂರಾ ನಲವತ್ಮೂರು ಬರಹಗಳಲ್ಲಿ ಇದೇ ಉದ್ದನೆಯದು.

ಹೊಂಬಳ ಅವರೇ, ಮನೋರಮಾ ಅವರು ನಿಮ್ಮ ಮನೆಯವರೆಂದು ಊಹಿಸುತ್ತೇನೆ. ಅವರ ಹೆಸರು ಬೇರೆ ಯಾವ ತಟ್ಟೆಯ ಮೇಲೂ ಇಲ್ಲ. ನೂರಾ ನಲವತ್ತೆರಡನ್ನು ನೀವು ಒಬ್ಬರೇ ಕೇಳಿದಿರಿ ಎಂದಾಯಿತು. ಪಕ್ಕದ ಕೋಣೆಯಲ್ಲಿ ಅವರೂ ಇದ್ದಿರಬೇಕು, ಅವರ ಕೆಲಸದಲ್ಲಿ. ನಮ್ಮ ಮನೆಯದು ತಿರುವುಮುರುವು, ಅಷ್ಟೇ. ಪುರಸೊತ್ತು ಯಾವಾಗ ಆಯಿತು? ಹೊದಿಕೆ ನೋಡಿದರೆ ಆಗಲಿಲ್ಲ. ಏನಾಯಿತು ಎಂದು ನಾನು ಕೇಳುವುದಿಲ್ಲ. ನೂರೈವತ್ತು ವರ್ಷದ ಈಚೆಯಿಂದ ನೋಡುವವನಿಗೆ ಎಲ್ಲರ ಕೊನೆಯೂ ಗೊತ್ತಿರುತ್ತದೆ ಎಂದು ನಿಮ್ಮ ಕಾಲದವರು ತಿಳಿದಿರಬಹುದು. ನನಗೆ ಗೊತ್ತಿರುವುದು ಒಂದು ತೆಳು ಹೊದಿಕೆ ಹರಿದಿಲ್ಲ ಎಂಬುದಷ್ಟೇ.

ಚೀಟಿ ಓದಿದಾಗ ಬಿಸಿಲು ಇನ್ನೂ ಒಂದು ಮಗ್ಗುಲಿಗೆ ಸಾಲುವಷ್ಟಿತ್ತು. ಬಿಚ್ಚಿ ಹಾಕಬಹುದಿತ್ತು. ನನಗೆ ಕುತೂಹಲ ಎಷ್ಟಿದೆ ಎಂದು ಈ ಏಳು ಹಾಳೆ ಓದಿದವರಿಗೆ ಹೇಳಬೇಕಾಗಿಲ್ಲ. ಆ ಪಿಟೀಲು, ಆ ಡೋಲು, ಸೇತುವೆಯ ಮೇಲೆ ಯಾಕೆ ನಿಂತರು! ಉಗುರನ್ನು ಹೊದಿಕೆಯ ಅಂಚಿಗೆ ಇಟ್ಟೆ ಕೂಡ. ಆದರೆ ಒಬ್ಬನೇ ಕೂತು ಕೇಳಿದರೆ ಅದು ನಿಮ್ಮ ಚೀಟಿಗೂ ಸಲ್ಲುವುದಿಲ್ಲ, ಇಂದುಮತಿಯ ಮಾತಿಗೂ ಸಲ್ಲುವುದಿಲ್ಲ. ಉಗುರು ತೆಗೆದು ಲೇಖನಿ ತೆಗೆದುಕೊಂಡೆ.

ನಿರ್ಧಾರ ಹೇಳಿಬಿಡುತ್ತೇನೆ. ನನ್ನ ಒಂದುಳಿಕೆ ನೂರಾ ನಲವತ್ಮೂರು. ಐವತ್ತೇಳು ಹೊನ್ನವ್ವನ ಗಾಡಿಯಲ್ಲಿ ಹೋಗಲಿ, ನೂಲಿನ ಸಮೇತ. ಕೇಳುವ ಕೋಣೆಯಲ್ಲಿ ಕೂತವರಿಗೆ ಎಲ್ಲಿ ಕೈ ಕೊಡಬೇಕೆಂದು ಇಂದುಮತಿ ತೋರಿಸುತ್ತಾಳೆ. ಎಲ್ಲವೂ ಹೋಗಲಿ, ಹಾಡಲಿ. ಯಾರೂ ಕೇಳದ ಹಾಡು ಇಟ್ಟುಕೊಂಡು ಏನು ಮಾಡುತ್ತೀರಿ ಎಂದು ಹೊನ್ನವ್ವ ಖಂಡಿತ ತಕರಾರು ತೆಗೆಯುತ್ತಾಳೆ. ಅವಳಿಗೆ ಹೇಳುತ್ತೇನೆ, ಇದು ಇನ್ನೂ ಹಿಂದಿರುಗಿಸುವ ವಸ್ತುವಾಗಿಲ್ಲ, ಇದರ ಮೊದಲ ಒಡೆಯ ಇನ್ನೂ ಬಳಸಬೇಕಾಗಿದೆ ಎಂದು.

ಯಾಕೆಂದರೆ ಈ ಪತ್ರ ಹೇಗೋ ನಿಮ್ಮನ್ನು ಮುಟ್ಟಿದರೆ, ನಿಮಗೆ ಇನ್ನೂ ಹೊತ್ತಿದೆ. ನಿಮ್ಮ ಕಾಲದಲ್ಲಿ ಈ ತಟ್ಟೆ ಇನ್ನೂ ನಿಮ್ಮ ಕಪಾಟಿನಲ್ಲಿದೆ. ಮನೋರಮಾ ಅವರು ಪಕ್ಕದ ಕೋಣೆಯಲ್ಲಿದ್ದಾರೆ. ನೀವು ಹೊದಿಕೆ ಹರಿದರೆ ನನ್ನ ಕೈಯಲ್ಲಿರುವ ಇದು ಏನಾಗುತ್ತದೆ ಎಂದು ಬಹಳ ಯೋಚಿಸಿದೆ. ಒಂದು ದಿನ ಬೆಳಿಗ್ಗೆ ತೆಗೆದು ನೋಡಿದರೆ ಹರಿದಿರಬಹುದು. ಅಥವಾ ಮೊದಲಿನಿಂದಲೂ ಹರಿದೇ ಇತ್ತು ಎಂದು ನನಗೆ ನೆನಪಿರಬಹುದು, ಈ ಹಾಳೆಯನ್ನು ಯಾಕೆ ಬರೆದೆನೆಂದೇ ತಿಳಿಯದೆ ಹೋಗಬಹುದು. ಹಾಗಾದರೆ ಹಾಗಾಗಲಿ. ದಿನಾ ಬೆಳಿಗ್ಗೆ ತೆಗೆದು ನೋಡುತ್ತೇನೆ. ನೋಡಲಿಕ್ಕೆ ಒಂದು ಇದ್ದರೆ ಬೆಳಿಗ್ಗೆ ಏಳಲಿಕ್ಕೆ ಅನುಕೂಲ.

ಕೇಳುವುದು ಇಷ್ಟೇ. ಒಂದು ಮಗ್ಗುಲು ಸಾಕು, ಇಪ್ಪತ್ತು ನಿಮಿಷ. ಅವರಿಗೆ ಹಿಡಿಸದಿದ್ದರೂ ಪರವಾಗಿಲ್ಲ, ತಗಡು ಬಡಿದ ಹಾಗಿದೆ ಎಂದರೂ ಪರವಾಗಿಲ್ಲ. ಅವರು ಅಂದದ್ದನ್ನು ಅಂದ ಹಾಗೆಯೇ ಚೀಲದ ಹಿಂದೆ ಬರೆಯಿರಿ. ‘ಕೇಳಿದೆ, ಚಲೋ’ ಎಂದು ಮುಗಿಸಬೇಡಿ. ಯಾವ ಹಾಡಿಗೆ ತಲೆಯೆತ್ತಿದರು, ಯಾವುದಕ್ಕೆ ಎದ್ದು ಒಲೆ ನೋಡಲು ಹೋದರು, ಎಲ್ಲ ಬೇಕು. ಮುಂದೆ ಬರುವವನಿಗೆ ನೂಲು ಎಣಿಸುವ ಗತಿ ಬರಬಾರದು.

ಇನ್ನೂ ಒಂದು ಸಂಶಯ ಇತ್ತು, ಅರವತ್ತಾರನೆಯದರಲ್ಲಿ ಗಂಟೆ ಬಾರಿಸುವುದು ಹಾಡಿನ ಒಳಗೋ ಅಥವಾ ನಿಮ್ಮ ಕಾಲದ ಯಾವುದೋ ಗುಡಿಯದೋ ಎಂದು. ಬರೆಯೋಣವೆಂದು ನೋಡಿದರೆ ಅಕ್ಷರ ಕಾಣುತ್ತಿಲ್ಲ. ಕಿಟಕಿಯ ಗಾಜು ಕೆಂಪಾಗಿದೆ, ಹಾಳೆಯ ಮೇಲೆ ನನ್ನ ಕೈಯ ನೆರಳೇ ಹೆಚ್ಚಾಗಿದೆ. ಎದ್ದು ಅವರನ್ನು ಕರೆಯಿರಿ, ಹೊಂಬಳ ಅವರೇ. ಇಲ್ಲಿ ಬೆಳಕು ಹೋಗುತ್ತಿದೆ.